ಗುರುತಿನವರಿಲ್ಲದ ಆಸ್ಪತ್ರೆ

೨೦೨೪ರ ಬೇಸಿಗೆ. ನಮ್ಮ ರಾಮಮೂರ್ತಿ ನಗರದ ಕಡೆ ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟು, ಟ್ಯಾಂಕರ್ ಯಾವಾಗ ಬರುತ್ತದೋ ಅಂತ ಜನ ಬೀದಿಯ ತುದಿ ನೋಡುತ್ತಾ ನಿಂತಿದ್ದ ಬೇಸಿಗೆ. ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ ಆ ವರ್ಷ ಅಂದರೆ ನೀರಿನ ಕಥೆಯನ್ನೇ ಹೇಳುತ್ತಾರೆ. ನನಗೆ ಅದು ಮರೆಯದೆ ಉಳಿದಿರುವುದು ಬೇರೆ ಕಾರಣಕ್ಕೆ. ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ದಿನ ಒದ್ದಾಡಿದೆ. ಕೊನೆಗೆ ನನ್ನ ಹೆಂಡತಿ ಪದ್ಮನೇ, "ಬರೀರಿ, ಇನ್ನೇನು ಮುಚ್ಚಿಡೋದಿದೆ" ಅಂದಳು.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ಈಗ ಮನೆಗಳು ಕಿಕ್ಕಿರಿದಿರುವ ನಮ್ಮ ಬೀದಿ ನಮ್ಮ ತಾತನ ಕಾಲದಲ್ಲಿ ರಾಗಿ ಹೊಲ. ಊರು ಬೆಳೆದು ಹೊಲವನ್ನು ನುಂಗಿದ ಮೇಲೆ ನನ್ನ ಪಾಲಿಗೆ ಉಳಿದ ಜಾಗದಲ್ಲಿ ಒಂದು ಕಟ್ಟಡ ಎಬ್ಬಿಸಿದೆ. ಕೆಳಗೆ ಅಂಗಡಿಗಳು, ಮೊದಲ ಮಹಡಿಯಲ್ಲಿ ನಾವು ಗಂಡ ಹೆಂಡತಿ, ಅದರ ಮೇಲೆ ಬಾಡಿಗೆಯವರು. ಇರುವವಳು ಒಬ್ಬಳೇ ಮಗಳು, ಮದುವೆಯಾಗಿ ಹೊಸಕೋಟೆಯಲ್ಲಿದ್ದಾಳೆ. ನನ್ನ ಹೆಸರು ನಾರಾಯಣಸ್ವಾಮಿ ಅಂತ ಬೀದಿಯಲ್ಲಿ ಎಷ್ಟು ಜನಕ್ಕೆ ಗೊತ್ತೋ ಏನೋ, ಎಲ್ಲರಿಗೂ ನಾನು ಓನರ್ ಅಂಕಲ್. ಬಾಯಿ ಸ್ವಲ್ಪ ಜೋರು. ನಲ್ಲಿ ಸುಮ್ಮನೆ ಬಿಟ್ಟರೆ, ಗೇಟನ್ನು ಧಡಾರನೆ ಹಾಕಿದರೆ, ಮೆಟ್ಟಿಲ ಮೇಲೆ ಚಪ್ಪಲಿ ಹರಡಿದರೆ ಕೆಳಗಿನಿಂದಲೇ ಕೂಗಿ ಹೇಳುತ್ತೇನೆ. ಗೇಟಿಗೆ ಅಡ್ಡವಾಗಿ ಬೈಕು ನಿಲ್ಲಿಸಿ, ಕೇಳಿದ್ದಕ್ಕೆ ಎದುರು ಮಾತಾಡಿದ ಒಬ್ಬನನ್ನು ಮರು ತಿಂಗಳೇ ಖಾಲಿ ಮಾಡಿಸಿದ್ದೆ. ಅದಾದ ಮೇಲೆ ಬಾಡಿಗೆಯವರು ಯಾರೂ ನನಗೆ ಎದುರು ಮಾತಾಡಿದ್ದಿಲ್ಲ. ಅದನ್ನು ನಾನು ಮರ್ಯಾದೆ ಅಂದುಕೊಂಡಿದ್ದೆ.

ಅದರ ಹಿಂದಿನ ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ನನಗೆ ನೋವು ಶುರುವಾಯಿತು. ಎಡಗಡೆಯ ಬೀಜದಲ್ಲಿ. ವೃಷಣ ಅಂತ ಬರೆದರೆ ನೋಡುವುದಕ್ಕೆ ಚೆನ್ನಾಗಿರುತ್ತದೆ, ಆದರೆ ಹುಟ್ಟಿದಾಗಿನಿಂದ ಆ ಪದ ನನ್ನ ಬಾಯಲ್ಲಿ ಬಂದಿಲ್ಲ. ಚುಚ್ಚುವಂಥ ನೋವಲ್ಲ. ಹುಳುಕು ಹಲ್ಲಿನ ಹಾಗೆ ಸಣ್ಣಗೆ ನೋಯುತ್ತಲೇ ಇರುವ, ಕೆಳಕ್ಕೆ ಜಗ್ಗಿದಂತಾಗುವ ನೋವು. ಕೂತರೆ ಇರುತ್ತಿತ್ತು, ಮಲಗಿದರೆ ಸ್ವಲ್ಪ ತಗ್ಗುತ್ತಿತ್ತು. ಸ್ಕೂಟರ್‌ನಲ್ಲಿ ಹೋಗುವಾಗ ಹಂಪ್ ಬಂತೆಂದರೆ ಹಲ್ಲು ಕಚ್ಚಿಕೊಂಡು ಸೀಟಿನಿಂದ ಎದ್ದು ನಿಲ್ಲುತ್ತಿದ್ದೆ.

ನಮ್ಮ ಕಡೆ ಸೊಂಟದಿಂದ ಕೆಳಗೆ ಗಂಡಸರಿಗೆ ಏನೇ ಆದರೂ ಅದಕ್ಕೆ ಒಂದೇ ಹೆಸರು, ಉಷ್ಣ. ಉರಿಮೂತ್ರಕ್ಕೂ ಉಷ್ಣ, ಕುರುವಿಗೂ ಉಷ್ಣ, ನೋವಿಗೂ ಉಷ್ಣ. ನಾನೂ ಪದ್ಮನ ಹತ್ತಿರ, "ಯಾಕೋ ಉಷ್ಣ ಜಾಸ್ತಿ ಆಗ್ಬಿಟ್ಟಿದೆ ಕಣೇ" ಅಂದೆ. ಎಲ್ಲಿ, ಏನು ಅಂತ ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಅವತ್ತಿನಿಂದ ಬಾರ್ಲಿ ನೀರು, ನೆನೆಸಿದ ಮೆಂತ್ಯ, ಕಾಮಕಸ್ತೂರಿ ಬೀಜ, ದಿನಾ ಒಂದು ಎಳನೀರು. ಭಾನುವಾರ ಭಾನುವಾರ ನೆತ್ತಿಗೂ ಹೊಕ್ಕುಳಿಗೂ ಹರಳೆಣ್ಣೆ. ಕೋಳಿ ಸಾರು ಬಂದ್ ಆಯಿತು, ಪರಂಗಿ ಹಣ್ಣು ಬಂದ್ ಆಯಿತು. ಪಾಪ, ಅವಳು ಶ್ರದ್ಧೆಯಿಂದ ಮಾಡಿದಳು. ನಾನೂ ಅಷ್ಟೇ ಶ್ರದ್ಧೆಯಿಂದ ಕುಡಿದೆ. ನೋವು ಮಾತ್ರ ಹಾಗೇ ಇತ್ತು.

ಯುಗಾದಿಯ ದಿನ ಎಣ್ಣೆ ಸ್ನಾನ ಮಾಡುವಾಗ ಕೈಗೆ ಒಂದು ಗಂಟು ಸಿಕ್ಕಿತು. ಅವರೆಕಾಳಿನಷ್ಟು, ಕಲ್ಲಿನ ಹಾಗೆ ಗಟ್ಟಿ. ಮತ್ತೆ ಮತ್ತೆ ಮುಟ್ಟಿ ನೋಡಿದೆ. ಬಿಸಿನೀರು ಸುರಿದುಕೊಳ್ಳುತ್ತಿದ್ದವನಿಗೆ ಮೈ ತಣ್ಣಗಾಗಿಬಿಟ್ಟಿತು. ನಮ್ಮ ದೊಡ್ಡಪ್ಪ ಕ್ಯಾನ್ಸರ್‌ನಲ್ಲಿ ಹೋದವರು. ಅವರಿಗೆ ಗಂಟಲಲ್ಲಿ ಆಗಿತ್ತು, ಕೊನೆಕೊನೆಗೆ ಒಂದು ಚಮಚ ನೀರೂ ಇಳಿಯುತ್ತಿರಲಿಲ್ಲ. ಅವರು ಹೋದಮೇಲೆ ನಮ್ಮ ಮನೆಯಲ್ಲಿ ಯಾರೂ ಅದರ ಹೆಸರೆತ್ತುವುದಿಲ್ಲ, "ಆ ಕಾಯಿಲೆ" ಅಂತ ಮಾತ್ರ ಅನ್ನುತ್ತಾರೆ. ಅವರಿಗೂ ಮೊದಲು ಒಂದು ಗಂಟೇ ಆಗಿದ್ದು. ಹೊರಗೆ ಪದ್ಮ ಬೇವು ಬೆಲ್ಲ ಹಿಡಿದುಕೊಂಡು ಕರೆಯುತ್ತಿದ್ದಳು. ಬಾಗಿಲು ತೆಗೆಯಲು ನನಗೆ ಬಹಳ ಹೊತ್ತು ಬೇಕಾಯಿತು.

ಡಾಕ್ಟರಿಗೆ ತೋರಿಸಬೇಕು ಅಂತ ಅವತ್ತೇ ನಿಶ್ಚಯ ಮಾಡಿದೆ. ಆದರೆ ಯಾರಿಗೆ? ನಮ್ಮ ಬೀದಿಯ ಕ್ಲಿನಿಕ್ ನಡೆಸುವ ಡಾಕ್ಟರಮ್ಮ ನನ್ನ ಅಂಗಡಿಯಲ್ಲೇ ಬಾಡಿಗೆಗೆ ಇರುವವರು. ಪಕ್ಕದ ಮೆಡಿಕಲ್ ಶಾಪಿನವನೂ ನನ್ನ ಬಾಡಿಗೆಯವನೇ. ಮುಂದಿನ ರಸ್ತೆಯ ನರ್ಸಿಂಗ್ ಹೋಮಿನ ಕಾಂಪೌಂಡರ್ ನನ್ನ ಷಡ್ಡಕನ ಚಿಕ್ಕಪ್ಪನ ಮಗ. ಹುಟ್ಟಿದೂರಿನಲ್ಲೇ ಬಾಳುವವನಿಗೆ ಇದೊಂದು ಕಷ್ಟ, ಬಟ್ಟೆ ಬಿಚ್ಚಿ ತೋರಿಸೋಣ ಅಂದರೆ ಗುರುತಿಲ್ಲದವರೇ ಸಿಗುವುದಿಲ್ಲ. ಇಂದಿರಾನಗರದಲ್ಲಿ ಒಂದು ದೊಡ್ಡ ಕ್ಲಿನಿಕ್ ನೋಡಿಟ್ಟುಕೊಂಡು ಹೋದೆ. ರಿಸೆಪ್ಷನ್ನಿನಲ್ಲಿದ್ದ ಹುಡುಗಿ ಸೋಫಾ ತುಂಬ ಕೂತಿದ್ದ ಜನರ ಎದುರಿಗೇ, "ಏನ್ ಪ್ರಾಬ್ಲಮ್ ಸಾರ್?" ಅಂತ ಕೇಳಿದಳು. ನನ್ನ ಬಾಯಿಂದ "ಬಿ.ಪಿ. ಚೆಕ್ ಮಾಡಿಸ್ಬೇಕಿತ್ತು" ಅಂತ ಬಂತು. ಬಿ.ಪಿ. ಚೆಕ್ ಮಾಡಿಸಿಕೊಂಡು ವಾಪಸ್ ಬಂದೆ. ಅದೂ ಜಾಸ್ತಿಯೇ ಇತ್ತು.

ಆಮೇಲೆ ಹೊಳೆದದ್ದು ಶಿವಾಜಿನಗರದ ಕಡೆಯ ದೊಡ್ಡ ಸರ್ಕಾರಿ ಆಸ್ಪತ್ರೆ. ದಿನಕ್ಕೆ ಅಷ್ಟೊಂದು ಜನ ಬಂದು ಹೋಗುವ ಜಾಗ, ಅಲ್ಲಿ ನನ್ನನ್ನು ಯಾರು ಗುರುತು ಹಿಡಿಯುತ್ತಾರೆ? ನಮ್ಮ ಕಡೆಯವರು ಯಾರೂ ಅತ್ತ ಹೋಗುವುದೂ ಇಲ್ಲ. ಪದ್ಮನಿಗೆ ಖಾತಾ ಕೆಲಸ ಇದೆ ಅಂತ ಹೇಳಿ, ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹತ್ತಿದೆ. ಹಲಸೂರು ದಾಟುವಾಗ ಎರಡು ಸಲ ಇಳಿದುಬಿಡೋಣ ಅನ್ನಿಸಿತು. ಕೂತಲ್ಲೇ ನೋಯುತ್ತಿತ್ತು, ಅದಕ್ಕೇ ಇಳಿಯಲಿಲ್ಲ.

ಸರ್ಜರಿ ಓ.ಪಿ.ಡಿ. ಮುಂದೆ ಉದ್ದದ ಸಾಲು. ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಸಾಬರೊಬ್ಬರು ತಮ್ಮ ಹರ್ನಿಯಾದ ಕಥೆಯನ್ನೆಲ್ಲ ಹೇಳಿ, "ನಿಮ್ದು ಏನು ಭಾಯ್?" ಅಂದರು. ಕಿಡ್ನಿ ಸ್ಟೋನ್ ಅಂದೆ. ಅವರು ನನ್ನ ಮುಖ ನೋಡಿ, "ಡರೋ ನಕ್ಕೋ, ಹೆದರ್ಬೇಡಿ" ಅಂದರು. ಕಿಡ್ನಿ ಕಲ್ಲಿಗೆ ಯಾರೂ ಅಷ್ಟು ಹೆದರುವುದಿಲ್ಲ ಅಂತ ಅವರಿಗೂ ಗೊತ್ತಾಗಿರಬೇಕು.

ಒಳಗೆ ಕೂತಿದ್ದ ಡಾಕ್ಟರ್ ಐವತ್ತೈದರ ಆಸುಪಾಸಿನವರು, ಹಣೆಗೆ ಕನ್ನಡಕ ಏರಿಸಿಕೊಂಡಿದ್ದರು. ಏನು ತೊಂದರೆ ಅಂತ ಮೆಲ್ಲಗೆ ಕೇಳಿದರು. ಮೊದಲ ಸಲ ಇನ್ನೊಬ್ಬ ಮನುಷ್ಯನ ಎದುರು ನಿಜ ಹೇಳಿದೆ. ಅವರು ಪರದೆಯ ಹಿಂದಿನ ಮಂಚದ ಮೇಲೆ ಮಲಗಲು ಹೇಳಿದರು. ಪ್ಯಾಂಟು ಕೆಳಗಿಳಿಸಿ ಮಲಗಿ, ತೋಳನ್ನು ಕಣ್ಣಿಗೆ ಅಡ್ಡ ಇಟ್ಟುಕೊಂಡೆ. ಅವರ ಕೈ ಮೃದುವಾಗಿತ್ತು. ಗಂಟಿನ ಮೇಲೆ ಬೆರಳು ನಿಂತಾಗ ಅವರ ಮಾತೂ ನಿಂತಿತು. ಆಮೇಲೆ ಅವರು, "ಇದು ಕಾಲೇಜ್ ಆಸ್ಪತ್ರೆ, ಸ್ಟೂಡೆಂಟ್ಸ್ ಇದಾರೆ, ಅವ್ರೂ ನೋಡ್ಬಹುದಾ?" ಅಂತ ಕೇಳಿದರು. ಬೇಡ ಅನ್ನಬಹುದಿತ್ತು. ಆದರೆ ಆ ಹೊತ್ತಿನಲ್ಲಿ ಡಾಕ್ಟರನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾರಿಗಿರುತ್ತದೆ? ಹೂಂ ಅಂದೆ.

ಪರದೆ ಸರಿದ ಸದ್ದು, ಬಹಳ ಕಾಲುಗಳ ಸದ್ದು. ಡಾಕ್ಟರ್ ಇಂಗ್ಲಿಷಿನಲ್ಲಿ ಏನೇನೋ ವಿವರಿಸಿದರು. ಒಬ್ಬ ಹುಡುಗ ಮುಟ್ಟಿ ನೋಡಿದ. ಅವನ ಕೈ ಗಡಸು, ನೋವಿಗೆ ಹಾ ಅಂತ ಕಣ್ಣು ಬಿಟ್ಟೆ.

ಮಂಚದ ಕಾಲಿನ ಕಡೆ, ಬಿಳಿ ಕೋಟು ಹಾಕಿಕೊಂಡು, ಎದೆಗೆ ಪುಸ್ತಕ ಒತ್ತಿ ಹಿಡಿದು ನಿಂತಿದ್ದವಳು ಚೈತ್ರ.

ಚೈತ್ರ ನಮ್ಮ ಮೇಲಿನ ಮಹಡಿಯ ಬಾಡಿಗೆ ಮನೆಯ ಹುಡುಗಿ. ಅಪ್ಪ ರಾಜಣ್ಣ ಕ್ಯಾಬ್ ಓಡಿಸುತ್ತಾನೆ, ಅಮ್ಮ ಮಂಜುಳ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಅವಳು ಪಿ.ಯು.ಸಿ. ಓದುವಾಗ ನಮ್ಮಲ್ಲಿಗೆ ಬಂದವರು. ಡಾಕ್ಟರ್ ಓದುತ್ತಿದ್ದಾಳೆ ಅಂತ ಗೊತ್ತಿತ್ತು, ಸೀಟು ಸಿಕ್ಕಿದಾಗ ಸ್ವೀಟನ್ನೂ ತಿಂದಿದ್ದೆ. ಯಾವ ಕಾಲೇಜು, ಯಾವ ಆಸ್ಪತ್ರೆ ಅಂತ ಒಂದು ಸಲವೂ ಕೇಳಿರಲಿಲ್ಲ. ಓನರ್ ಆದವನು ಅದನ್ನೆಲ್ಲ ಯಾಕೆ ಕೇಳುತ್ತಾನೆ.

ಅವಳ ಮುಖ ಬಿಳಿಚಿಕೊಂಡಿತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಮರುಕ್ಷಣ ಅವಳು ತಲೆ ತಗ್ಗಿಸಿ, ಮುಂದಿದ್ದವರ ಹಿಂದೆ ಸರಿದು, ಪರದೆ ಎತ್ತಿ ಹೊರಗೆ ಹೋಗಿಬಿಟ್ಟಳು. ಆಮೇಲೆ ಡಾಕ್ಟರ್ ಹೇಳಿದ್ದು ಅರ್ಧ ಕೇಳಿಸಿತು, ಅರ್ಧ ಇಲ್ಲ. ಸ್ಕ್ಯಾನ್ ಮಾಡಿಸಬೇಕು, ರಕ್ತ ಪರೀಕ್ಷೆ ಮಾಡಿಸಬೇಕು, ಇವತ್ತೇ ಮಾಡಿಸಬೇಕು, ರಿಪೋರ್ಟು ತಂದು ತಮಗೇ ತೋರಿಸಬೇಕು. ಎಲ್ಲಕ್ಕೂ ತಲೆ ಆಡಿಸಿದೆ. ಚೀಟಿ ಜೇಬಿಗೆ ತುರುಕಿಕೊಂಡು, ಸ್ಕ್ಯಾನಿಂಗ್ ಕೋಣೆಯ ಮುಂದೆಯೇ ಹಾದು, ತಲೆ ಎತ್ತದೆ ಬಸ್ ನಿಲ್ದಾಣಕ್ಕೆ ಬಂದುಬಿಟ್ಟೆ.

ಮುಂದಿನ ಕೆಲವು ದಿನ ನಾನು ಹೇಗಿದ್ದೆ ಅಂತ ಹೇಳಿದರೆ ಈಗ ನಗು ಬರುತ್ತದೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮಂಜುಳ ಪದ್ಮನ ಹತ್ತಿರ ಬಂದು ನಿಂತು ಮಾತಾಡಿದರೆ, ಒಳಗಿನಿಂದ ಕಿವಿ ನಿಮಿರಿಸಿಕೊಂಡು ಕೇಳುತ್ತಿದ್ದೆ. ರಾಜಣ್ಣ ಗಾಡಿ ತೊಳೆಯುತ್ತಾ ಯಾರೊಂದಿಗೋ ಫೋನಿನಲ್ಲಿ ನಕ್ಕರೆ, ನನ್ನ ವಿಷಯವೇ ಅನ್ನಿಸುತ್ತಿತ್ತು. ಅವನು ಒಂದು ದಿನ ಮೂರು ಬಕೆಟ್ ನೀರಿನಲ್ಲಿ ಗಾಡಿ ತೊಳೆದ, ಅದೂ ಆ ಬೇಸಿಗೆಯಲ್ಲಿ, ನಾನು ಒಂದು ಮಾತೂ ಆಡಲಿಲ್ಲ. ಪದ್ಮ ನನ್ನ ಹಣೆ ಮುಟ್ಟಿ ನೋಡಿ, "ಏನ್ರೀ, ಮೂರ್ನಾಲ್ಕು ದಿನದಿಂದ ಯಾರ ಮೇಲೂ ಕೂಗಾಡಿಲ್ಲ, ಮೈ ಹುಷಾರಿಲ್ವಾ?" ಅಂದಳು.

ರಾಜಣ್ಣನ ಮನೆ ಖಾಲಿ ಮಾಡಿಸಬೇಕು ಅಂತ ಮನಸ್ಸಿಗೆ ಬಂತು. ಬಂದದ್ದು ಹೋಗಲಿಲ್ಲ, ಬೆಳೆಯಿತು. ಮಗಳು ಅಳಿಯ ಇಲ್ಲಿಗೇ ಬರುತ್ತಿದ್ದಾರೆ, ಮನೆ ಬೇಕು ಅಂತ ಹೇಳಿದರೆ ಆಯಿತು, ಯಾರೂ ಏನೂ ಕೇಳುವುದಿಲ್ಲ. ಆ ಹುಡುಗಿ ಕಣ್ಣೆದುರಿನಿಂದ ಹೋದರೆ ನನ್ನ ಕಾಯಿಲೆಯೂ ಹೋಗುತ್ತದೆ ಅನ್ನುವ ಹಾಗೆ ಯೋಚಿಸುತ್ತಿದ್ದೆ. ಸ್ಕ್ಯಾನಿನ ಚೀಟಿಯನ್ನು ಬೀರುವಿನಲ್ಲಿ ಮಡಚಿಟ್ಟಿದ್ದೆ. ಗಂಟು ಇದೆಯೋ ಇಲ್ಲವೋ ಅಂತ ದಿನಾ ಬಚ್ಚಲಲ್ಲಿ ನೋಡುತ್ತಿದ್ದೆ. ಇರುತ್ತಿತ್ತು. ದೊಡ್ಡಪ್ಪನ ಗಂಟಲು, ಹೊಕ್ಕುಳಿಗೆ ಹಚ್ಚಿದ ಹರಳೆಣ್ಣೆಯ ವಾಸನೆ, ಹೊಸಕೋಟೆಯಲ್ಲಿರುವ ಮಗಳ ಮುಖ, ಎಲ್ಲ ಒಟ್ಟೊಟ್ಟಿಗೆ ಬಂದು ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅನ್ನ ಇಳಿಯದಿದ್ದರೆ ಅದಕ್ಕೂ ಹೆದರಿಕೆ.

ಚೈತ್ರ ಒಂದು ಬೆಳಗ್ಗೆ ಸಂಪಿನ ಹತ್ತಿರ ಬಂದು ನಿಂತಳು. ನಾನು ಮೋಟರ್ ಹಾಕುವುದಕ್ಕೆ ಬಗ್ಗಿದ್ದೆ. "ಅಂಕಲ್, ಒಂದೈದು ನಿಮಿಷ ಮಾತಾಡ್ಬೇಕಿತ್ತು" ಅಂದಳು. ನೀರಿನ ವಿಷಯ ಆದರೆ ಆಂಟಿ ಹತ್ತಿರ ಹೇಳು ಅಂತ ಅವಳ ಮುಖ ನೋಡದೆ ಒಳಗೆ ಹೋದೆ. ಮಾರನೇ ದಿನವೂ ಗೇಟಿನ ಹತ್ತಿರ ನಿಂತಿದ್ದಳು, ನಾನು ಫೋನ್ ಕಿವಿಗೆ ಇಟ್ಟುಕೊಂಡು ದಾಟಿಕೊಂಡೆ. ಫೋನಿನಲ್ಲಿ ಯಾರೂ ಇರಲಿಲ್ಲ.

ಅದಾಗಿ ಎರಡು ಮೂರು ದಿನಕ್ಕೆ, ಒಂದು ಭಾನುವಾರ, ಟ್ಯಾಂಕ್ ತುಂಬಿತೇ ಅಂತ ನೋಡಲು ಟೆರೇಸಿಗೆ ಹೋದೆ. ಬಿಸಿಲು ಏರುತ್ತಿತ್ತು. ಬಾಗಿಲ ಬಳಿ ಸದ್ದಾಯಿತು. ಚೈತ್ರ ಒಗೆದ ಬಟ್ಟೆಯ ಬಕೆಟ್ ಹಿಡಿದು ಬಂದಿದ್ದಳು. ಇಳಿದು ಹೋಗುವುದಕ್ಕೆ ಇರುವುದು ಅದೊಂದೇ ಬಾಗಿಲು, ಅವಳು ಅಲ್ಲೇ ನಿಂತಳು. ಬಕೆಟ್ ಕೆಳಗಿಡಲಿಲ್ಲ. ಅದರ ಹಿಡಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು.

"ನಾನು ಯಾರಿಗೂ ಹೇಳಿಲ್ಲ ಅಂಕಲ್" ಅಂದಳು. "ನಮ್ಮಮ್ಮಂಗೂ ಹೇಳಿಲ್ಲ. ಹೇಳೋದೂ ಇಲ್ಲ. ಆದ್ರೆ ನೀವು ಸ್ಕ್ಯಾನ್ ಮಾಡಿಸ್ದೇ ಬಂದ್ಬಿಟ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಅಂದುಕೊಂಡೆ, ಹೆದರಿಕೆಯೇ ಇರಬೇಕು. "ಯಾರತ್ರ ಮಾತಾಡ್ತಿದೀಯ ಗೊತ್ತಾ?" ಅಂದೆ.

"ಗೊತ್ತು ಅಂಕಲ್. ಬೈಯೋದಾದ್ರೆ ಬೈರಿ. ಸರ್ ಎರಡು ಸಲ ಕೇಳಿದ್ರು, ಆ ಪೇಷಂಟ್ ರಿಪೋರ್ಟ್ ತಂದ್ರಾ ಅಂತ. ಅಡ್ರೆಸ್ಸೂ ಸರಿಯಾಗಿ ಬರ್ಸಿಲ್ಲ ನೀವು. ನೀವೆಲ್ಲಿದೀರ ಅಂತ ಅಲ್ಲಿ ಗೊತ್ತಿರೋದು ನಂಗೊಬ್ಳಿಗೇ."

ನಾನು ಟ್ಯಾಂಕಿನ ಗೋಡೆ ಹಿಡಿದುಕೊಂಡೆ. ಅದುವರೆಗೆ ನಮ್ಮ ಮನೆಯಲ್ಲಿ ಯಾರೂ ಎತ್ತದ ಹೆಸರನ್ನು ಆ ಹುಡುಗಿಯ ಎದುರು ಎತ್ತಿದೆ. "ಕ್ಯಾನ್ಸರಾ?"

"ಗೊತ್ತಿಲ್ಲ" ಅಂದಳು. "ನಾನಿನ್ನೂ ಡಾಕ್ಟ್ರಲ್ಲ. ಯಾರಿಗೂ ಗೊತ್ತಿಲ್ಲ ಅಂಕಲ್, ಅದಕ್ಕೇ ಹೇಳ್ತಿರೋದು. ಅದಾಗಿದ್ರೂ ಈಗ ಬಂದ್ರೆ ವಾಸಿ ಮಾಡ್ತಾರೆ. ತಡ ಮಾಡ್ಬೇಡಿ. ನಾನು ಇರಲ್ಲ ಅಲ್ಲಿ. ನೀವು ಬರೋ ದಿನ ನಾನು ಬೇರೆ ವಾರ್ಡಿಗೆ ಹೋಗ್ತೀನಿ, ನಿಮ್ಮ ಹತ್ರಾನೂ ಸುಳಿಯಲ್ಲ."

ಅಷ್ಟು ಹೇಳಿ ಬಕೆಟ್ ಅಲ್ಲೇ ಇಟ್ಟು ಇಳಿದು ಹೋದಳು. ಬಟ್ಟೆ ಒಣಹಾಕಲೇ ಇಲ್ಲ. ನಾನು ಬಿಸಿಲಿನಲ್ಲಿ ಕೂತು, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಅತ್ತೆ.

ಅವತ್ತು ಮಧ್ಯಾಹ್ನ ಪದ್ಮನಿಗೆ ಎಲ್ಲ ಹೇಳಿದೆ. ಗಂಟಿನ ವಿಷಯ, ಆಸ್ಪತ್ರೆಯ ವಿಷಯ, ಚೈತ್ರಳ ವಿಷಯ. ಅವಳು ಸೊಪ್ಪು ಬಿಡಿಸುತ್ತಿದ್ದಳು, ಕೈ ಹಾಗೇ ನಿಂತಿತು. ಆಮೇಲೆ, "ಆರು ತಿಂಗ್ಳು ಎಳನೀರು ಕುಡಿಸ್ದೆ ನಿಮ್ಗೆ" ಅಂದಳು. "ನನ್ ಹತ್ರ ಹೇಳ್ಕೊಳೋಕೆ ಏನ್ ನಾಚಿಕೆ ನಿಮ್ಗೆ? ಇಪ್ಪತ್ತೈದು ವರ್ಷ ಸಂಸಾರ ಮಾಡಿದೀವಿ." ಎದ್ದು ಹೋಗಿ ಬೀರು ತೆಗೆದು ಚೀಟಿ ಹುಡುಕಿ ತನ್ನ ಪರ್ಸಿಗೆ ಹಾಕಿಕೊಂಡಳು. ಇನ್ನು ನನ್ನ ಕೈಗೆ ಕೊಟ್ಟರೆ ನಂಬಿಕೆ ಇಲ್ಲ ಅಂತ.

ಸೋಮವಾರ ಇಬ್ಬರೂ ಹೋದೆವು. ಸ್ಕ್ಯಾನ್ ಮಾಡುವ ಡಾಕ್ಟರ್ ತಣ್ಣನೆಯ ಜೆಲ್ಲು ಹಚ್ಚಿ, ಪರದೆ ನೋಡುತ್ತಾ, ಮೊದಲು ಊರು ಕೇರಿ ವಿಚಾರಿಸುತ್ತಿದ್ದವರು ನಡುವೆ ಸುಮ್ಮನಾದರು. ಅವರ ಮುಖದಲ್ಲಿ ಏನಾದರೂ ಕಾಣುತ್ತದೋ ಅಂತ ನೋಡಿದೆ. ಏನೂ ಕಾಣಲಿಲ್ಲ, ಅದಕ್ಕೇ ನನಗೆ ಭಯವಾಯಿತು. ಹೊರಗೆ ಬೆಂಚಿನ ಮೇಲೆ ಪದ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ನಾನು ಸತ್ತರೆ ಬಾಡಿಗೆ ವಸೂಲಿ ಇವಳ ಕೈಯಲ್ಲಿ ಆಗುತ್ತದೋ ಇಲ್ಲವೋ ಅಂತ ಯೋಚನೆ ಬಂತು ನೋಡಿ, ಆ ಹೊತ್ತಿನಲ್ಲಿ.

ಕನ್ನಡಕದ ಡಾಕ್ಟರ್ ರಿಪೋರ್ಟು ಓದಿ, ಗದರಲಿಲ್ಲ, ಎಲ್ಲಿ ಹೋಗಿದ್ದಿರಿ ಅಂತಲೂ ಕೇಳಲಿಲ್ಲ. ಗಡ್ಡೆ ಇದೆ, ಒಳ್ಳೆಯದಲ್ಲದ ಗಡ್ಡೆಯ ಹಾಗೇ ಕಾಣುತ್ತಿದೆ, ಚುಚ್ಚಿ ನೋಡುವ ಹಾಗಿಲ್ಲ, ಆ ಬೀಜವನ್ನು ಪೂರ್ತಿ ತೆಗೆದೇ ಪರೀಕ್ಷೆಗೆ ಕಳಿಸಬೇಕು ಅಂತ ನಮ್ಮಿಬ್ಬರಿಗೂ ಅರ್ಥವಾಗುವ ಹಾಗೆ ಹೇಳಿದರು. ಇನ್ನೊಂದು ಚೆನ್ನಾಗಿದೆ, ಗಂಡಸುತನಕ್ಕೆ ಏನೂ ಕೊರತೆ ಆಗುವುದಿಲ್ಲ ಅಂದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಪದ್ಮ, "ಜೀವ ಉಳಿದ್ರೆ ಸಾಕು ಡಾಕ್ಟ್ರೇ" ಅಂದಳು.

ಆಪರೇಷನ್ ಅದೇ ವಾರ ಆಯಿತು. ಬೆಳಗ್ಗೆ ಹಸಿರು ಗೌನ್ ತೊಡಿಸಿ ಸ್ಟ್ರೆಚರ್‌ನಲ್ಲಿ ಮಲಗಿಸಿದಾಗ, ವಾರ್ಡಿನ ಆಯಾ ನನ್ನ ಕಾಲಿನ ಬೆರಳು ಮುಟ್ಟಿ, ಐಸ್ ಆಗಿದೆಯಲ್ಲ ಸಾಮಿ, ಒಣ್ಣೂ ಆಗಲ್ಲ, ಏನೂ ಆಗಲ್ಲ ಅಂತ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಸಮಾಧಾನ ಮಾಡಿದಳು. ಥಿಯೇಟರ್ ಬಾಗಿಲಲ್ಲಿ ಡಾಕ್ಟರ್ ಮತ್ತೆ ಸ್ಟೂಡೆಂಟ್‌ಗಳು ನಿಂತು ನೋಡಬಹುದಾ ಅಂತ ಕೇಳಿದರು, ಬೇಡ ಅಂದರೂ ಪರವಾಗಿಲ್ಲ ಅಂದರು. ಬರಲಿ ಅಂದೆ. ನೋಡಿ ಕಲಿತವರು ಇನ್ನೊಬ್ಬನ ಮನೆ ಮೇಲೂ ಇರಬಹುದಲ್ಲ ಅಂತ ಆಗ ಅನ್ನಿಸಿತು. ಬಂದ ಮುಖಗಳಲ್ಲಿ ಚೈತ್ರ ಇರಲಿಲ್ಲ. ಸೊಂಟಕ್ಕೆ ಸೂಜಿ ಚುಚ್ಚಿದರು, ಕಾಲು ಯಾರದೋ ಆಯಿತು.

ಪರೀಕ್ಷೆಯ ಫಲಿತಾಂಶ ಬರುವವರೆಗಿನ ದಿನಗಳನ್ನು ನಾನು ಮತ್ತೆ ಬದುಕಲಾರೆ. ಫೋನ್ ಗಂಟೆ ಹೊಡೆದರೆ ಪದ್ಮನೂ ನಾನೂ ಒಟ್ಟಿಗೆ ಬೆಚ್ಚುತ್ತಿದ್ದೆವು. ಬಂದದ್ದು ಕ್ಯಾನ್ಸರೇ. ಆದರೆ ಅದು ಬೀಜದ ಒಳಗೇ ಇತ್ತು, ಆಚೆ ದಾಟಿರಲಿಲ್ಲ. ಹೊಟ್ಟೆಯ ಸ್ಕ್ಯಾನಿನಲ್ಲೂ ಏನೂ ಕಾಣಲಿಲ್ಲ. ಇನ್ನು ಬೇರೆ ಚಿಕಿತ್ಸೆ ಸದ್ಯಕ್ಕೆ ಬೇಡ, ಹೇಳಿದ ಹೇಳಿದ ದಿನ ಬಂದು ಪರೀಕ್ಷೆ ಮಾಡಿಸಿಕೊಳ್ಳಬೇಕು, ಒಂದೂ ತಪ್ಪಿಸಬಾರದು ಅಂದರು ಡಾಕ್ಟರ್. ಇನ್ನೂ ಕೆಲವು ತಿಂಗಳು ತಡವಾಗಿದ್ದರೆ ಅಂತ ನಾನು ಕೇಳಲು ಹೋದೆ. ಆದದ್ದನ್ನು ನೋಡಿ, ಅಂದರು.

ಬೀದಿಯಲ್ಲಿ ಹರ್ನಿಯಾ ಆಪರೇಷನ್ ಅಂತ ಹೇಳಿದೆವು. ರಾಜಣ್ಣನೂ ಮಂಜುಳನೂ ಹಣ್ಣು ತಗೊಂಡು ನೋಡಲು ಬಂದರು, ಅವರೂ ಹರ್ನಿಯಾ ಅಂತಲೇ ನಂಬಿದ್ದರು. ಚೈತ್ರ ಅಪ್ಪನ ಹಿಂದೆ ನಿಂತು, "ಹೇಗಿದೀರ ಅಂಕಲ್" ಅಂದಳು, ಅಷ್ಟೇ. ಪದ್ಮ ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಮಂಜುಳನಿಗೆ ಇದೇನಪ್ಪಾ ಅಂತ ಆಶ್ಚರ್ಯವಾಗಿರಬೇಕು. ನಾನು ಆ ಹುಡುಗಿಗೆ ಏನಾದರೂ ಹೇಳಬೇಕು ಅಂತ ಎಷ್ಟೋ ಸಲ ಬಾಯಿ ತೆರೆದೆ. ಓದು ಹೇಗೆ ನಡೀತಿದೆ ಅಂತ ಕೇಳಿ ಮುಚ್ಚಿದೆ.

ವರಮಹಾಲಕ್ಷ್ಮಿ ಹಬ್ಬಕ್ಕೆ ಪದ್ಮ ಬ್ಲೌಸ್ ಹೊಲಿಸಲು ಮಂಜುಳನ ಹತ್ತಿರ ಹೋಗಿದ್ದಳು. ಅಳತೆ ತೆಗೆದುಕೊಳ್ಳುತ್ತಾ ಮಂಜುಳ ಹೀಗೇ ಲೋಕಾಭಿರಾಮ ಮಾತಾಡಿದಳಂತೆ. ಬೇಸಿಗೆಯಲ್ಲಿ ನಮ್ಮ ಹುಡುಗಿಗೆ ಏನಾಗಿತ್ತೋ ಆಂಟಿ, ಮನೆ ಬದಲಾಯಿಸೋಣ ಅಂತ ಒಂದೇ ಹಠ. ಕಾಲೇಜಿಗೆ ಹತ್ತಿರ ಆಗುತ್ತೆ ಅಂತ ಲಿಂಗರಾಜಪುರದಲ್ಲಿ ತಾನೇ ಒಂದು ಮನೆ ಹುಡುಕಿ, ಕ್ಲಾಸು ಬಿಟ್ಟು ನಮ್ಮಿಬ್ಬರನ್ನೂ ಕರಕೊಂಡು ಹೋಗಿ ತೋರಿಸಿದಳು. ಆ ಮನೆಯವರ ಹತ್ತಿರ ಒಂದು ವಾರ ಯಾರಿಗೂ ಕೊಡಬೇಡಿ ಅಂತ ಕೈ ಮುಗಿದಳು. ಸರಿ, ಇವಳಿಷ್ಟು ಹೇಳ್ತಾಳಲ್ಲ ಅಂತ ನಾವು ಒಪ್ಪಿಕೊಂಡರೆ, ಒಂದು ಸೋಮವಾರ ಕಾಲೇಜಿಂದ ಬಂದವಳೇ, ಬೇಡಮ್ಮ, ಇಲ್ಲೇ ಇರೋಣ ಅಂದುಬಿಟ್ಟಳು. ಈಗಿನ ಮಕ್ಕಳು ಯಾವಾಗ ಏನು ಹೇಳ್ತಾರೋ ಅಂತ ಮಂಜುಳ ನಕ್ಕಳಂತೆ.

ಪದ್ಮ ಇದನ್ನು ಕೆಳಗೆ ಬಂದು ನನಗೆ ಹೇಳಿದಳು. ನಾನು ಕೂತಲ್ಲಿಂದ ಏಳಲಿಲ್ಲ. ಆ ಸೋಮವಾರ ನಾವಿಬ್ಬರೂ ಸ್ಕ್ಯಾನಿಗೆ ಹೋದ ದಿನ.

ನನ್ನನ್ನು ಮಾತಾಡಿಸಲು ಬರುವ ಮೊದಲೇ ಆ ಹುಡುಗಿ ಅಪ್ಪ ಅಮ್ಮನಿಗೆ ಇನ್ನೊಂದು ಸೂರು ನೋಡಿಟ್ಟು ಬಂದಿದ್ದಳು. ನನ್ನ ಜೀವ ಉಳಿಸುವ ಒಂದು ಮಾತು ಹೇಳಬೇಕಾದರೆ ಮನೆ ಕಳೆದುಕೊಳ್ಳಲು ತಯಾರಾಗಿಯೇ ಹೇಳಬೇಕು ಅಂತ ಅವಳಿಗೆ ಅನ್ನಿಸಿತ್ತು. ಅನ್ನಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಆ ವಾರ ನಾನು ಅದನ್ನೇ ಯೋಚಿಸುತ್ತಿದ್ದೆ. ಕಾಯಿಲೆಗೆ ನಾನು ಹೆದರಿ ಸಾಯುತ್ತಿದ್ದೆ, ಆ ಮಗು ನನಗೆ ಹೆದರಿಕೊಂಡು ಓಡಾಡುತ್ತಿತ್ತು.

ಈಗಲೂ ಪರೀಕ್ಷೆಯ ದಿನ ಬಂದರೆ ಹಿಂದಿನ ದಿನದಿಂದಲೇ ನನಗೆ ಊಟ ಸೇರುವುದಿಲ್ಲ. ರಿಪೋರ್ಟು ಕೈಗೆ ಬಂದು, ಏನೂ ಇಲ್ಲ ಅಂತ ಡಾಕ್ಟರ್ ಹೇಳಿದಾಗ ಉಸಿರು ಬಿಡುತ್ತೇನೆ. ಆ ಭಯ ಹಾಗೆ ಬಂದು ಹೋಗುತ್ತದೆ. ಇನ್ನೊಂದು ಮಾತ್ರ ಹೋಗುವುದಿಲ್ಲ. ಲಿಂಗರಾಜಪುರದ ಆ ಮನೆ ಸಿಗದೇ ಹೋಗಿದ್ದರೆ ಚೈತ್ರ ನನ್ನ ಹತ್ತಿರ ಬಾಯಿ ಬಿಡುತ್ತಿದ್ದಳೋ ಇಲ್ಲವೋ? ಅವಳು ದಿನಾ ನಮ್ಮ ಬಾಗಿಲ ಮುಂದೆಯೇ ಇಳಿದು ಹೋಗುತ್ತಾಳೆ. ಕೇಳುವುದಕ್ಕೆ ಇವತ್ತಿಗೂ ನನಗೆ ಧೈರ್ಯ ಬಂದಿಲ್ಲ.